ಕೊನೆಯ ಬ್ಲಾಕ್‌ಬಸ್ಟರ್‌ನಲ್ಲಿ ಒಂದು ಶುಕ್ರವಾರ

ಈ ನೀಲಿ-ಹಳದಿ ಬೋರ್ಡ್ ನೋಡಿ. ಹರಿದ ಸಿನಿಮಾ ಟಿಕೆಟ್ಟಿನ ಆಕಾರ. 90ರ ದಶಕದಲ್ಲಿ ಅಮೆರಿಕದಲ್ಲಿ ಇದ್ದವರು ಹೆಸರು ಓದುವುದೇ ಬೇಡ, ಬಣ್ಣ ಕಂಡರೆ ಸಾಕು. ಬ್ಲಾಕ್‌ಬಸ್ಟರ್. ಸಿನಿಮಾ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದ ಅಂಗಡಿ. 2004ರ ಹೊತ್ತಿಗೆ ಪ್ರಪಂಚದಲ್ಲಿ ಇಂಥವು 9,000ಕ್ಕೂ ಜಾಸ್ತಿ ಇದ್ದವು. ಈಗ ಉಳಿದಿರುವುದು ಇದೊಂದೇ. ಆರೆಗಾನ್ ರಾಜ್ಯದ ಬೆಂಡ್ ಅನ್ನುವ ಊರಿನಲ್ಲಿ.

ಬೆಳಗ್ಗೆ ಪೋರ್ಟ್‌ಲ್ಯಾಂಡ್ ಬಿಟ್ಟೆವು, ನಾನು ಮತ್ತು ನನ್ನ ಹದಿನಾರು ವರ್ಷದ ಮಗಳು. ಮೌಂಟ್ ಹುಡ್ ಬಳಸಿಕೊಂಡು ಆಚೆ ಇಳಿದರೆ ಹಸಿರು ಮುಗಿದೇ ಹೋಗುತ್ತದೆ. ಮಲೆನಾಡು ದಾಟಿ ಬಯಲುಸೀಮೆಗೆ ಬಂದ ಹಾಗೆ. ಒಣ ನೆಲ, ಕುರುಚಲು ಗಿಡ, ದೂರದಲ್ಲಿ ಹಿಮದ ಗುಡ್ಡಗಳು. “ಒಂದು ಅಂಗಡಿ ನೋಡೋಕೆ ಇಷ್ಟು ದೂರ ಡ್ರೈವಾ?” ಅಂದಳು. ಆಮೇಲೆ ಇಯರ್‌ಫೋನ್ ಹಾಕಿಕೊಂಡಳು. ಈ ಮಾತು ನೆನಪಿರಲಿ, ಕೊನೆಯಲ್ಲಿ ಬೇಕಾಗುತ್ತದೆ.

ನಾನು ಅಮೆರಿಕಕ್ಕೆ ಬಂದದ್ದು 1998ರಲ್ಲಿ. ವೈಟುಕೆ ಕಾಲ. 2000ನೇ ಇಸವಿ ಬಂದ ಕೂಡಲೇ ಕಂಪ್ಯೂಟರ್‌ಗಳೆಲ್ಲ ಕೈಕೊಡುತ್ತವೆ ಅನ್ನುವ ಭಯ. ಕೋಬಾಲ್ ಅನ್ನುವ ಹಳೆಯ ಪ್ರೋಗ್ರಾಮಿಂಗ್ ಭಾಷೆ ಬಲ್ಲವರಿಗೆಲ್ಲ ವೀಸಾ. ನ್ಯೂಜೆರ್ಸಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ನಾವು ನಾಲ್ಕು ಜನ. ನಾಲ್ವರಿಗೆ ಒಂದು ಕಾರು, ಯಾರೋ ರಸ್ತೆ ಬದಿ ಇಟ್ಟು ಹೋದ ಒಂದು ಟಿವಿ, ಗರಾಜ್ ಸೇಲಿನಲ್ಲಿ ಹತ್ತು ಡಾಲರಿಗೆ ತಂದ ವಿಸಿಆರ್, ಅಂದರೆ ಕ್ಯಾಸೆಟ್ ಪ್ಲೇಯರ್.

ಶುಕ್ರವಾರ ಸಂಜೆ ಎರಡು ಕಡೆ ಕಾರು ನಿಲ್ಲುತ್ತಿತ್ತು. ಮೊದಲು ಇಂಡಿಯನ್ ಗ್ರೋಸರಿ. ಅಕ್ಕಿ ಮೂಟೆಗಳ ಹಿಂದಿನ ಶೆಲ್ಫಿನಲ್ಲಿ ಹಿಂದಿ ಸಿನಿಮಾ ಕ್ಯಾಸೆಟ್. ಕನ್ನಡದ್ದು ಇದೆಯಾ ಅಂತ ಕೇಳಿದರೆ ತೆಲುಗಿನದು ಎತ್ತಿಕೊಡುತ್ತಿದ್ದರು. ಎರಡನೆಯದು ವಿಡಿಯೋ ಅಂಗಡಿ. ನಮ್ಮದು ಯಾವ ಅಂಗಡಿ ಅಂತ ಹೇಳುವುದಿಲ್ಲ, ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ.

ಇಂಥ ಅಂಗಡಿಗೆ ಹೋಗಿಯೇ ಇಲ್ಲದವರಿಗೆ ಸ್ವಲ್ಪ ವಿವರ ಹೇಳಬೇಕು. ಗೋಡೆಯ ಉದ್ದಕ್ಕೂ ಹೊಸ ಸಿನಿಮಾಗಳು, ನಡುವೆ ಹಳೆಯವು. ಎದುರಿಗೆ ಕಾಣುವ ಬಣ್ಣದ ಡಬ್ಬಿ ಬರೀ ತೋರಿಕೆಗೆ, ಒಳಗೆ ಏನೂ ಇಲ್ಲ. ಬಾಡಿಗೆಯ ಕ್ಯಾಸೆಟ್ ಅದರ ಹಿಂದೆ, ಸಾದಾ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಹಾಗಾಗಿ ಆಸೆಪಟ್ಟ ಸಿನಿಮಾ ಕಂಡ ಕೂಡಲೇ ಡಬ್ಬಿಯ ಹಿಂದಕ್ಕೆ ಕೈ ಹಾಕಬೇಕು. ಬೆರಳಿಗೆ ಏನಾದರೂ ತಾಗಿತೋ, ಬಚಾವ್. ಬರೀ ಶೆಲ್ಫ್ ತಾಗಿದರೆ ನಿಮಗಿಂತ ಮೊದಲು ಯಾರೋ ಬಂದು ಹೋಗಿದ್ದಾರೆ. ಶುಕ್ರವಾರ ಏಳು ಗಂಟೆಯ ಮೇಲೆ ಹೋದರೆ ಬರೀ ಶೆಲ್ಫೇ.

ಆಗ ಕೌಂಟರಿನ ಹುಡುಗ ಬೇಕಾಗುತ್ತಿದ್ದ. ಕಾಲೇಜು ಓದುತ್ತಿದ್ದವನು, ಉದ್ದ ಕೂದಲು. “ಅದಿಲ್ಲ, ಇದು ನೋಡಿ” ಅಂತ ಯಾವುದೋ ಮೂಲೆಯಿಂದ ಹೆಸರೇ ಕೇಳದ ಸಿನಿಮಾ ತಂದುಕೊಡುತ್ತಿದ್ದ. ಕ್ಯಾಸೆಟ್ ಮೇಲೊಂದು ಸ್ಟಿಕ್ಕರ್, “ಬಿ ಕೈಂಡ್, ರಿವೈಂಡ್”. ಅಂದರೆ ವಾಪಸ್ ಕೊಡುವ ಮುಂಚೆ ಟೇಪ್ ಸುತ್ತಿ ಕೊಡಿ ಅಂತ. ಸುತ್ತುವುದಕ್ಕೆ ಅಂತಲೇ ಬೇರೆ ಮೆಷಿನ್ ಸಿಗುತ್ತಿತ್ತು, ಕೆಂಪು ಕಾರಿನ ಆಕಾರದ್ದು. ನಾವೂ ಒಂದು ತಂದೆವು. ಸಿನಿಮಾಗಿಂತ ಅದನ್ನು ನೋಡುವುದೇ ಮಜಾ.

ವಾಪಸ್ ಕೊಡಲು ಹೋದರೆ ಅವನು ಕೇಳುತ್ತಿದ್ದ, ಹೇಗಿತ್ತು ಅಂತ. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಆಫೀಸು ಬಿಟ್ಟರೆ ಆ ಮೊದಲ ವರ್ಷ ನಾನು ಮಾತಾಡಿದ ಅಮೆರಿಕನ್ ಅಂದರೆ ಅವನೊಬ್ಬನೇ. ಭಾನುವಾರ ಕಾರಿನಲ್ಲಿ ಕೂತು ಮನಸ್ಸಿನಲ್ಲೇ ಇಂಗ್ಲಿಷ್ ವಾಕ್ಯ ಜೋಡಿಸಿಕೊಂಡು ಒಳಗೆ ಹೋಗುತ್ತಿದ್ದೆ. ಒಮ್ಮೆ ಚೆನ್ನಾಗಿರಲಿಲ್ಲ ಅಂದೆ. ಯಾಕೆ ಅಂದ. ಅದಕ್ಕೆ ವಾಕ್ಯ ಜೋಡಿಸಿರಲಿಲ್ಲ! ಹಿಂದೆ ಕ್ಯೂ ನಿಂತಿತ್ತು. ಅವನು ಕಾದ.

ಇನ್ನು ದಂಡದ ಕಥೆ. ಒಂದು ಕ್ಯಾಸೆಟ್ ಕಾರಿನ ಸೀಟಿನ ಕೆಳಗೆ ಜಾರಿತ್ತು. ಯಾರಿಗೂ ನೆನಪಿಲ್ಲ. ಮೂರು ವಾರ ಆದಮೇಲೆ ಸಿಕ್ಕಿತು. 38 ಡಾಲರ್ ಕಟ್ಟಿ ಅಂದರು, ಒಂದು ಸೆಂಟೂ ಬಿಡಲಿಲ್ಲ. ಆಗಿನ ಲೆಕ್ಕದಲ್ಲಿ 1,600 ರೂಪಾಯಿ. ಸೀಟಿನ ಕೆಳಗೆ ಬೀಳಿಸಿದ್ದು ಯಾರು ಅಂತ ನಾಲ್ವರಲ್ಲಿ ಇವತ್ತಿಗೂ ಇತ್ಯರ್ಥ ಆಗಿಲ್ಲ.

ಇಂಥ ದಂಡದಲ್ಲೇ ದೊಡ್ಡ ದುಡ್ಡು ಇತ್ತು. 2000ದಲ್ಲಿ ಬ್ಲಾಕ್‌ಬಸ್ಟರ್‌ಗೆ ತಡವಾಗಿ ಕೊಟ್ಟವರಿಂದ ಬಂದದ್ದೇ ಸುಮಾರು 80 ಕೋಟಿ ಡಾಲರ್. ಅದೇ ವರ್ಷ ನೆಟ್‌ಫ್ಲಿಕ್ಸ್‌ನವರು ಬಂದು, ನಮ್ಮ ಕಂಪನಿಯನ್ನು 5 ಕೋಟಿ ಡಾಲರಿಗೆ ಕೊಂಡುಕೊಳ್ಳಿ ಅಂದಿದ್ದರು. ಬ್ಲಾಕ್‌ಬಸ್ಟರ್‌ನವರು ಬೇಡ ಅಂದರು. 2010ರಲ್ಲಿ ಬ್ಲಾಕ್‌ಬಸ್ಟರ್ ದಿವಾಳಿ. ಮುಂದಿನದು ಎಲ್ಲರಿಗೂ ಗೊತ್ತು.

ಹಾಗಾದರೆ ಬೆಂಡ್ ಅಂಗಡಿ ಹೇಗೆ ಉಳಿಯಿತು? ಇದು ಕಂಪನಿಯದಲ್ಲ, ಊರಿನವರದು. 1992ರಲ್ಲಿ ಬೇರೆ ಹೆಸರಿನಲ್ಲಿ ಶುರುವಾಗಿ, 2000ದಲ್ಲಿ ಬ್ಲಾಕ್‌ಬಸ್ಟರ್ ಫ್ರಾಂಚೈಸಿ ಆಯಿತು. ಹಾಗಾಗಿ ಕಂಪನಿ ತನ್ನ ಅಂಗಡಿಗಳಿಗೆ ಬೀಗ ಹಾಕಿದಾಗ ಇದಕ್ಕೆ ಬೀಳಲಿಲ್ಲ. 2018ರ ಜುಲೈನಲ್ಲಿ ಅಲಾಸ್ಕಾದ ಅಂಗಡಿಗಳು ಹೋದವು. 2019ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ಮಾರ್ಲಿಯಲ್ಲಿದ್ದದ್ದೂ ಹೋಯಿತು. ಇದು ಒಂಟಿಯಾಯಿತು.

ಈ ಗಾಜಿನ ಪೆಟ್ಟಿಗೆ ನೋಡಿ, ನಗಬೇಡಿ. 2018ರಲ್ಲಿ ನಟ ರಸೆಲ್ ಕ್ರೋ ತಮ್ಮ ಸಾಮಾನುಗಳನ್ನು ಹರಾಜು ಹಾಕಿದ್ದರು. ಟಿವಿಯಲ್ಲಿ ಹಾಸ್ಯ ಕಾರ್ಯಕ್ರಮ ನಡೆಸುವ ಜಾನ್ ಆಲಿವರ್ ಅದರಲ್ಲಿ ಒಂದಷ್ಟು ಕೊಂಡು, ಜನ ಬರಲಿ ಅಂತ ಅಲಾಸ್ಕಾದ ಬ್ಲಾಕ್‌ಬಸ್ಟರ್‌ಗೆ ಕಳಿಸಿದರು. ಒಂದು ಸಿನಿಮಾದಲ್ಲಿ ಕ್ರೋ ಹಾಕಿದ್ದ ಲಂಗೋಟಿಯೂ ಅದರಲ್ಲಿತ್ತು. ಲಂಗೋಟಿಯಿಂದಲೂ ಅಂಗಡಿ ಉಳಿಯಲಿಲ್ಲ. ಅಲ್ಲಿಂದ ಬಂದ ಕೆಲವು ಸಾಮಾನು ಈಗ ಇಲ್ಲಿವೆ.

ನಾನು ಹಳೆಯ ಕಾರ್ಪೆಟ್, ಶೆಲ್ಫ್ ಅಂತ ಶೂಟ್ ಮಾಡುತ್ತಿದ್ದೆ. ತಿರುಗಿ ನೋಡಿದರೆ ಮಗಳು ಕೌಂಟರಿನಲ್ಲಿ ನಿಂತು ಹರಟುತ್ತಿದ್ದಾಳೆ. ಹತ್ತು ನಿಮಿಷ ಆಗಿತ್ತು. ಕೌಂಟರಿನ ಹುಡುಗಿ ಒಂದು ಡಿವಿಡಿ ಆರಿಸಿ ಕೊಟ್ಟಿದ್ದಾಳೆ. ಕಪ್ಪು-ಬಿಳುಪಿನ ಸಿನಿಮಾ! ಮನೆಯಲ್ಲಿ ನಾನು ಹೇಳಿದ್ದರೆ ಮುಟ್ಟುತ್ತಿದ್ದಳಾ?

ಮೋಟೆಲಿಗೆ ಬಂದಮೇಲೆ ಬುದ್ಧಿ ಬಂತು. ಡಿವಿಡಿ ಹಾಕುವುದು ಎಲ್ಲಿಗೆ? ಲ್ಯಾಪ್‌ಟಾಪಿನಲ್ಲಿ ಡ್ರೈವ್ ಇಲ್ಲ. ರಾತ್ರಿ ಸೆಕೆಂಡ್ ಹ್ಯಾಂಡ್ ಅಂಗಡಿ ಹುಡುಕಿ ಏಳು ಡಾಲರಿಗೆ ಪ್ಲೇಯರ್ ತಂದೆವು. ರಿಮೋಟ್ ಇಲ್ಲ. ಕೆಂಪು, ಬಿಳಿ, ಹಳದಿ ವೈರು ಹಿಡಿದುಕೊಂಡು ಟಿವಿಯ ಬೆನ್ನು ತಡವಿದ್ದೇ ತಡವಿದ್ದು. ಹಳದಿಯನ್ನು ಎಲ್ಲಿ ಚುಚ್ಚಬೇಕು ಅಂತ ನನ್ನ ಕೈಗೆ ಇನ್ನೂ ನೆನಪಿತ್ತು. ಸಿನಿಮಾ ಶುರುವಾದಾಗ ಹತ್ತೂವರೆ. ನಾನು ಅರ್ಧಕ್ಕೇ ನಿದ್ದೆ ಹೋದೆ. ಅವಳು ಪೂರ್ತಿ ನೋಡಿದಳಂತೆ.

ಇದು ಬೆಳಗ್ಗೆ. ಅಂಗಡಿ ಇನ್ನೂ ತೆಗೆದಿಲ್ಲ. ಗೋಡೆಯಲ್ಲಿ ಕಾಣುತ್ತಿದೆಯಲ್ಲ, ವಾಪಸ್ ಹಾಕುವ ಕಿಂಡಿ, ಅದರಲ್ಲಿ ಹಾಕಿ ಹೊರಡೋಣ ಅಂದೆ. ಊರು ದೂರ, ಸೋಮವಾರ ಆಫೀಸಿಗೆ ಕಳಿಸಬೇಕಾದ ಕೆಲಸ ಬಾಕಿ ಇದೆ.

ಬೇಡ ಅಂದಳು. ಹೇಗಿತ್ತು ಅಂತ ಬಂದು ಹೇಳು ಅಂದಿದ್ದಾಳಂತೆ ಆ ಹುಡುಗಿ. “ತೆಗೆಯೋವರೆಗೂ ಇರೋಣ.”

ಫುಟ್‌ಪಾತಿನ ಅಂಚಿನಲ್ಲಿ, ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿರುವುದು ಅವಳೇ. ಕಿವಿಯಲ್ಲಿ ಇಯರ್‌ಫೋನ್ ಇಲ್ಲ. ಏನೋ ಜೋಡಿಸಿಕೊಳ್ಳುತ್ತಿದ್ದಾಳೆ. ನಾನು ಕಾಫಿ ತರಲು ಹೋದೆ.