ಅಲ್ಲಿ ಸಂದ ಲಿನಕ್ಸ್ ಇಲ್ಲಿಯೂ ಸಲ್ಲುವುದೇ?

ಶ್ರೋತೃಗಳೇ, ನಮಸ್ಕಾರ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ, ಅಂದರೆ ಉಚಿತ ಸುರಕ್ಷತಾ ಪರಿಷ್ಕರಣೆ, ಮುಗಿಯಿತು. ವಿಂಡೋಸ್ 11 ಹಾಕಿಸೋಣವೆಂದರೆ ಅದು ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ಪನ್ನೂ ಹೊಸ ಪೀಳಿಗೆಯ ಪ್ರೊಸೆಸರನ್ನೂ ಕೇಳುತ್ತದೆ. ಹೀಗಾಗಿ ಶಿರಸಿಯ ಝೆರಾಕ್ಸ್ ಅಂಗಡಿಗಳಲ್ಲಿ, ಕಾರವಾರದ ಕಚೇರಿಗಳಲ್ಲಿ ಇನ್ನೂ ಗಟ್ಟಿಮುಟ್ಟಾಗಿರುವ ಎಷ್ಟೋ ಗಣಕಗಳ ಮುಂದೆ ಈಗ ಒಂದೇ ಪ್ರಶ್ನೆ: ವಿಂಡೋಸಿನ ಬದಲು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯನ್ನು ಹಾಕಿಸಬಹುದೇ?

ಜಾಲದ ಮೂಲಕ ಇತರ ಗಣಕಗಳಿಗೆ ಸೇವೆ ಒದಗಿಸುವ ಸರ್ವರುಗಳ ಮಟ್ಟಿಗೆ ಈ ಚರ್ಚೆ ಎಂದೋ ಮುಗಿದಿದೆ. ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಇರುವುದೆಲ್ಲ ಲಿನಕ್ಸೇ. ವಿಚಿತ್ರವೆಂದರೆ, 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ಅದನ್ನು ಬರೆಯತೊಡಗಿದ್ದು ತಮ್ಮ ಮೇಜಿನ ಮೇಲಿದ್ದ ಪಿಸಿಗಾಗಿ. ಅದು ಮೇಜನ್ನು ಬಿಟ್ಟು ಸರ್ವರ್ ಕೋಣೆಯಲ್ಲಿ ಗೆದ್ದದ್ದಕ್ಕೆ ಕಾರಣವಿದೆ: ಸರ್ವರಿಗೆ ಪ್ರಿಂಟರ್, ಸ್ಕ್ಯಾನರುಗಳ ಗೊಡವೆಯಿಲ್ಲ, ವಹಿಸಿದ ಕೆಲಸವನ್ನು ತಿಂಗಳುಗಟ್ಟಲೆ ಮಾಡಿಕೊಂಡಿದ್ದರಾಯಿತು, ಮೇಲಾಗಿ ಅದನ್ನು ನೋಡಿಕೊಳ್ಳಲು ಬಲ್ಲವರೊಬ್ಬರು ಇದ್ದೇ ಇರುತ್ತಾರೆ.

ಮೇಜಿನ ಗಣಕಕ್ಕಾದರೋ ಅದರ ಸುತ್ತಲಿನ ಸಲಕರಣೆಗಳೇ ಸಂಸಾರ. ಮದುವೆ ಆಮಂತ್ರಣ ಪತ್ರಿಕೆ ಮಾಡಿಕೊಡುವ ಡಿಟಿಪಿ ಅಂಗಡಿಯನ್ನೇ ನೋಡೋಣ. ಅಲ್ಲಿ ವರ್ಷಗಳ ಕಡತಗಳೆಲ್ಲ ಹಳೆಯ ನುಡಿ ಫಾಂಟಿನಲ್ಲಿವೆ, ಎಲ್ಲ ಗಣಕಗಳಿಗೂ ಸಮಾನವಾದ ಯೂನಿಕೋಡ್ ಅಕ್ಷರ ಸಂಕೇತದಲ್ಲಲ್ಲ. ಆ ಫಾಂಟು ಇಲ್ಲದ ಲಿನಕ್ಸ್ ಗಣಕದಲ್ಲಿ ಅಂಥ ಕಡತವನ್ನು ತೆರೆದರೆ ವಧೂವರರ ಹೆಸರಿದ್ದ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಾಣುತ್ತವೆ. ಫಾಂಟು ಹಾಕಿದರೆ ಅಕ್ಷರ ಮರಳಬಹುದು, ಆದರೆ ಪುಟ ಕಟ್ಟುವ ಪೇಜ್‌ಮೇಕರ್ ತಂತ್ರಾಂಶ ಅಲ್ಲಿ ನೇರವಾಗಿ ಓಡದು. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಅಡಿಕೆ ವ್ಯಾಪಾರಿಯ ಪಾಡೂ ಬೇರೆಯಲ್ಲ. ಅದು ವಿಂಡೋಸಿಗಾಗಿ ಮಾಡಿದ ತಂತ್ರಾಂಶ. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸಿನಲ್ಲಿ ನಡೆಸುವ ವೈನ್ ಎಂಬ ಉಪಾಯದಿಂದ ಓಡಿಸಿದವರಿರಬಹುದು, ಮಾರ್ಚ್ ಕೊನೆಯ ವಾರದಲ್ಲಿ ಆ ಸಾಹಸ ಬೇಡ. ಇಂಥವರು ವಿಂಡೋಸಿನಲ್ಲೇ ಉಳಿಯುವುದು ಲೇಸು.

ಆದರೆ ಪತ್ರ ಬರೆಯುವ, ಅಂತರಜಾಲ ನೋಡುವ, ಮಕ್ಕಳು ಪಾಠ ಕಲಿಯುವ ಗಣಕಕ್ಕೆ ಲಿನಕ್ಸ್ ಧಾರಾಳವಾಗಿ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇದೇ ಕರಾವಳಿಯ ದಕ್ಷಿಣಕ್ಕಿರುವ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ವರ್ಷಗಳಿಂದ ಲಿನಕ್ಸಿನಂಥ ಸ್ವತಂತ್ರ ತಂತ್ರಾಂಶದಲ್ಲೇ ಕಲಿಯುತ್ತಿದ್ದಾರೆ. ಯೂನಿಕೋಡ್ ಕನ್ನಡಕ್ಕೂ ತೊಡಕಿಲ್ಲ: ಐಬಸ್ ಎಂಬ ಟೈಪಿಂಗ್ ಸಲಕರಣೆಯ ಮೂಲಕ ನಮಗೆ ರೂಢಿಯಾದ ಕಗಪ ಕೀಲಿಮಣೆಯಲ್ಲೇ ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶದಲ್ಲಿ ಟೈಪಿಸಬಹುದು.

ಹಾಕಿಸುವ ಮುನ್ನ ಲಿನಕ್ಸಿನ ರೂಪಗಳಾದ ಉಬುಂಟು ಅಥವಾ ಮಿಂಟ್ ಇರುವ ಪೆನ್‌ಡ್ರೈವಿನಿಂದ ಗಣಕವನ್ನು ಚಾಲೂ ಮಾಡಿ, ಹಾರ್ಡ್‌ಡಿಸ್ಕನ್ನು ಮುಟ್ಟದೆಯೇ ಎಲ್ಲವನ್ನೂ ಪರೀಕ್ಷಿಸಬಹುದು. ವೈಫೈ ಹಿಡಿಯುತ್ತದೆಯೇ ಎಂದು ನೋಡಿ, ನಿಮ್ಮದೇ ಪ್ರಿಂಟರ್ ಜೋಡಿಸಿ ಒಂದು ಹಾಳೆ ಕನ್ನಡ ಮುದ್ರಿಸಿ. ಕೆಲವು ಹಳೆಯ ಲೇಸರ್ ಪ್ರಿಂಟರುಗಳು ತಯಾರಕರ ಡ್ರೈವರ್, ಅಂದರೆ ಪ್ರಿಂಟರನ್ನು ನಡೆಸುವ ತಂತ್ರಾಂಶ, ಇಲ್ಲದೆ ಅಲುಗುವುದೇ ಇಲ್ಲ. ಅದು ಅಂದೇ ಗೊತ್ತಾದರೆ ಒಳ್ಳೆಯದು. ಪೆನ್‌ಡ್ರೈವಿನಿಂದ ಓಡುವಾಗ ತುಸು ನಿಧಾನವೆನಿಸುವುದು ಸಹಜ, ಡಿಸ್ಕಿಗೆ ಹಾಕಿದ ಮೇಲೆ ಅಷ್ಟು ನಿಧಾನವಿರದು. ನಮಸ್ಕಾರ.