ಪಾಠ ದೂರದ್ದು, ನಾಯಿ ಮಾತ್ರ ಕೈಯಲ್ಲೇ ಇರ್ಬೇಕು

ಎಲ್ಲರಿಗೂ ನಮಸ್ಕಾರ. ಹೋದ ತಿಂಗ್ಳು ಡಲ್ಲಾಸಿಂದ ಒಬ್ಳು ಹುಡುಗಿ ಫೋನ್ ಮಾಡಿದ್ಲು. ನಮ್ ಕಡೆಯವಳೇ, ಅರಸೀಕೆರೆ ಹತ್ರದವಳು, ಮದ್ವೆ ಆಗಿ ಎರಡು ವರ್ಷ, ಗಂಡನಿಗೆ ಸಾಫ್ಟ್‌ವೇರ್ ಕೆಲಸ, ಇವಳು ಗಂಡನ ಕೆಲಸದ ವೀಸಾ ಮೇಲೆ ಹೆಂಡ್ತಿಗೆ ಸಿಗೋ ಎಚ್4 ವೀಸಾದಲ್ಲಿ ಬಂದು ಮನೇಲಿ ಕೂತಿದಾಳೆ. "ಅಕ್ಕಾ, ಮನೇಲಿ ಕೂತ್ಕೊಂಡೇ ಆನ್‌ಲೈನಲ್ಲಿ ಓದಿ ವೆಟ್ ಟೆಕ್ ಆಗ್ಬಹುದಂತಲ್ಲ, ನೀವೂ ಹಾಗೇ ಆಗಿದ್ದಂತೆ, ಹೌದಾ?" ಅಂದ್ಲು. ಹೌದು ಅನ್ನೋಕೂ ಬಾಯಿ ಬರ್ಲಿಲ್ಲ, ಇಲ್ಲ ಅನ್ನೋಕೂ ಬರ್ಲಿಲ್ಲ. ಅವಳಿಗೆ ಫೋನಲ್ಲಿ ಒಂದೂವರೆ ಗಂಟೆ ಹೇಳಿದ್ದನ್ನ ಇವತ್ತು ನಿಮಗೆ ಹತ್ತೇ ನಿಮಿಷದಲ್ಲಿ ಹೇಳ್ಬೇಕು, ಸ್ವಲ್ಪ ಅಡ್ಡಾದಿಡ್ಡಿ ಹೋದ್ರೆ ಸಹಿಸ್ಕೊಳ್ಳಿ.

ವೆಟ್ ಟೆಕ್, ಅಂದ್ರೆ ವೆಟರ್ನರಿ ಟೆಕ್ನಿಷಿಯನ್, ಪಶು ಡಾಕ್ಟರ್ ಅಲ್ಲ. ಊರಲ್ಲಿ ನಮ್ಮಜ್ಜಿಗೆ ಇದನ್ನ ಅರ್ಥ ಮಾಡ್ಸೋಕೆ ನಾನು "ದನದಾಸ್ಪತ್ರೆ ಕಾಂಪೌಂಡರ್ ಇದ್ನಲ್ಲಜ್ಜಿ, ಅವನ ಥರ" ಅಂದಿದ್ದೆ, ಅದೂ ಪೂರ್ತಿ ಸರಿ ಅಲ್ಲ. ಮನುಷ್ಯರ ಆಸ್ಪತ್ರೇಲಿ ನರ್ಸು, ಲ್ಯಾಬಿನವರು, ಎಕ್ಸ್‌ರೇ ತೆಗೆಯೋರು, ಅನಸ್ತೇಷಿಯಾ ನೋಡ್ಕೊಳ್ಳೋರು, ಹಲ್ಲು ಕ್ಲೀನ್ ಮಾಡೋರು ಅಂತ ಐದಾರು ಜನ ಬೇರೆ ಬೇರೆ ಇರ್ತಾರೆ, ಇಲ್ಲಿ ಅಷ್ಟೂ ಒಬ್ಬಳೇ. ರಕ್ತ ತೆಗೆಯೋದೂ ಅವಳೇ, ಅದನ್ನ ಮೈಕ್ರೋಸ್ಕೋಪಲ್ಲಿ ನೋಡೋದೂ ಅವಳೇ. ಮಾಡಬಾರದ್ದು ನಾಲ್ಕೇ ನಾಲ್ಕು. ಇದೇ ಕಾಯಿಲೆ ಅಂತ ಹೇಳೋ ಹಾಗಿಲ್ಲ, ಮುಂದೆ ಹೀಗಾಗತ್ತೆ ಅಂತ ಹೇಳೋ ಹಾಗಿಲ್ಲ, ಔಷಧಿ ಬರ್ಕೊಡೋ ಹಾಗಿಲ್ಲ, ಆಪರೇಷನ್ ಮಾಡೋ ಹಾಗಿಲ್ಲ. ಅವೆಲ್ಲ ಡಾಕ್ಟರ್ ಕೆಲಸ.

ಒಂದು ತಮಾಷೆ ಹೇಳ್ತೀನಿ. ಈ ಅಮೆರಿಕದಲ್ಲಿ ಮಿಲಿಟರಿ ಹೊರಗಡೆ ಇದಕ್ಕೆ ಅಂತಲೇ ಮೊದಲ ಕಾಲೇಜು ಕೋರ್ಸ್ ಶುರುವಾಗಿದ್ದು 1961ರಲ್ಲಿ, ಎಲ್ಲಿ ಅಂದ್ರೆ ದೆಹಲೀಲಿ. ನಮ್ಮ ದೆಹಲಿ ಅಲ್ಲ, ನ್ಯೂಯಾರ್ಕ್ ರಾಜ್ಯದಲ್ಲಿರೋ ಸಣ್ಣ ಊರು, ನಮ್ಮ ದೆಹಲಿ ಹೆಸರನ್ನೇ ಇಟ್ಕೊಂಡು "ಡೆಲ್‌ಹಾಯ್" ಅಂತ ಕರೀತಾರೆ, ಕೇಳಿದ್ರೆ ನಗು ಬರತ್ತೆ. ಆಗ ಇವರನ್ನ ಅನಿಮಲ್ ಟೆಕ್ನಿಷಿಯನ್ ಅಂತಿದ್ರು. ವೆಟರ್ನರಿ ಟೆಕ್ನಿಷಿಯನ್ ಅನ್ನೋ ಹೆಸರು ಅಧಿಕೃತವಾಗಿ ಬಂದಿದ್ದು 1989ರಲ್ಲಿ.

ಈಗ ದೂರಶಿಕ್ಷಣದ ವಿಷಯಕ್ಕೆ ಬರೋಣ. ಇದರಲ್ಲಿ ಮೊದಲು ನೋಡ್ಬೇಕಾದ್ದು ಎವಿಎಂಎ ಅಂದ್ರೆ ಅಮೆರಿಕನ್ ವೆಟರ್ನರಿ ಮೆಡಿಕಲ್ ಅಸೋಸಿಯೇಷನ್ನಿನ ಮಾನ್ಯತೆ ಇದೆಯಾ ಅಂತ. ಇಂಡಿಯಾನಾದ ಪರ್ಡ್ಯೂ, ನ್ಯೂ ಮೆಕ್ಸಿಕೋದ ಸ್ಯಾನ್ ವಾನ್ ಕಾಲೇಜು, ಫ್ಲೋರಿಡಾದ ಸೇಂಟ್ ಪೀಟರ್ಸ್‌ಬರ್ಗ್ ಕಾಲೇಜು, ಪೆನ್ ಫಾಸ್ಟರ್, ಇವೆಲ್ಲ ಮಾನ್ಯತೆ ಪಡೆದು ದೂರದಿಂದ ಕಲಿಸಿರೋ ಹೆಸರುಗಳು, ಆದ್ರೂ ದುಡ್ಡು ಕಟ್ಟೋ ದಿನ ಎವಿಎಂಎ ಪಟ್ಟಿ ತೆಗೆದು ಇನ್ನೊಂದ್ ಸಲ ನೋಡ್ಕೊಳ್ಳಿ. ಇಷ್ಟು ಒತ್ತಿ ಯಾಕ್ ಹೇಳ್ತಿದೀನಿ ಅಂದ್ರೆ ನಾನೇ ಮೋಸ ಹೋದವಳು. ಮೊದಲನೇ ಸಲ ಯಾವುದೋ ಒಂದು ಆನ್‌ಲೈನ್ ಕೋರ್ಸಿಗೆ ಸೇರಿ, ಎಂಟು ತಿಂಗ್ಳು ರಾತ್ರಿ ನಿದ್ದೆಗೆಟ್ಟು ಓದಿ, ಚಂದದ ಸರ್ಟಿಫಿಕೇಟ್ ಫ್ರೇಮ್ ಹಾಕ್ಸಿದ್ಮೇಲೆ ಗೊತ್ತಾಗಿದ್ದು, ಅದು ಟೆಕ್ನಿಷಿಯನ್ ಕೋರ್ಸೇ ಅಲ್ಲ, ಅಸಿಸ್ಟೆಂಟ್ ಕೋರ್ಸು ಅಂತ. ಅಸಿಸ್ಟೆಂಟ್ ಕೆಲಸ ಕೀಳು ಅಂತಲ್ಲ ನಾನು ಹೇಳ್ತಿರೋದು, ಆದ್ರೆ ಆ ಕಾಗದ ಇಟ್ಕೊಂಡು ಲೈಸೆನ್ಸ್ ಪರೀಕ್ಷೆಗೆ ಕೂರೋಕಾಗಲ್ಲ. ಬಹುಪಾಲು ರಾಜ್ಯಗಳಲ್ಲಿ ಮಾನ್ಯತೆ ಇರೋ ಕೋರ್ಸ್ ಮುಗಿಸಿದ್ರೇನೇ ಪರೀಕ್ಷೆ, ಕ್ಯಾಲಿಫೋರ್ನಿಯಾ ಥರ ಕೆಲವು ಕಡೆ ಅನುಭವ ಸೇರಿಸ್ಕೊಂಡು ಹೋಗೋ ಬೇರೆ ದಾರಿ ಇದೆ. ಆ ಫ್ರೇಮ್ ಈಗ್ಲೂ ಗ್ಯಾರೇಜಲ್ಲಿದೆ.

ಎರಡನೇ ಮಾತು, ಇದನ್ನ ಯಾವ ಜಾಹೀರಾತೂ ಜೋರಾಗಿ ಹೇಳಲ್ಲ. ದೂರಶಿಕ್ಷಣದಲ್ಲಿ ದೂರ ಇರೋದು ಪಾಠ ಮಾತ್ರ. ಅಂಗರಚನೆ, ಔಷಧಿ, ರೋಗಾಣು ಎಲ್ಲಾ ಲ್ಯಾಪ್‌ಟಾಪಲ್ಲಿ ಓದ್ಬಹುದು, ಮಗು ಮಲಗಿಸಿ ರಾತ್ರಿ ಹನ್ನೊಂದಕ್ಕೂ ಓದ್ಬಹುದು. ಆದ್ರೆ ಮಾನ್ಯತೆ ಇರೋ ಪ್ರತಿ ಕೋರ್ಸಲ್ಲೂ ಕೈಯಿಂದ ಮಾಡಿ ತೋರಿಸ್ಲೇಬೇಕಾದ ಕೆಲಸಗಳ ಉದ್ದ ಪಟ್ಟಿ ಒಂದಿದೆ, ಕ್ಯಾಂಪಸ್ಸಲ್ಲಿ ಓದೋರಿಗೂ ಅದೇ ಪಟ್ಟಿ, ಮನೇಲಿ ಓದೋರಿಗೂ ಅದೇ ಪಟ್ಟಿ, ಒಂದಿಂಚೂ ರಿಯಾಯ್ತಿ ಇಲ್ಲ. ಅದಕ್ಕೆ ನಿಮ್ಮೂರಲ್ಲೇ ಒಂದು ಪ್ರಾಣಿ ಆಸ್ಪತ್ರೆಯವರು "ಬಾಮ್ಮ, ನಮ್ಮಲ್ಲಿ ಕಲಿ" ಅಂತ ಬಾಗಿಲು ತೆಗೀಬೇಕು, ಅಲ್ಲಿ ಒಬ್ರು ಡಾಕ್ಟರೋ ಲೈಸೆನ್ಸ್ ಇರೋ ಟೆಕ್ಕೋ ಪಕ್ಕ ನಿಂತು ನೋಡಿ ಸಹಿ ಹಾಕ್ಬೇಕು. ಕೋರ್ಸ್ ಅರ್ಧಕ್ಕೆ ಬಿಟ್ಟೋರನ್ನ ನಾನು ಬೇಕಾದಷ್ಟು ನೋಡಿದೀನಿ, ಪಾಠ ಕಷ್ಟ ಅಂತ ಬಿಟ್ಟೋರು ಕಮ್ಮಿ, ಆಸ್ಪತ್ರೆ ಸಿಗ್ಲಿಲ್ಲ ಅಂತ ಬಿಟ್ಟೋರೇ ಜಾಸ್ತಿ. ಅದಕ್ಕೇ ಆ ಹುಡುಗಿಗೆ ಹೇಳ್ದೆ, ಮೊದಲು ಆಸ್ಪತ್ರೆ ಹುಡುಕು, ಆಮೇಲೆ ಕಾಲೇಜು ಹುಡುಕು ಅಂತ.

ಕೈಕೆಲಸ ತೋರ್ಸೋದು ಹೆಂಗೆ ಅಂದ್ರೆ ಬಹಳ ಸಲ ವಿಡಿಯೋ ಮಾಡಿ ಕಳಿಸ್ಬೇಕು. ನನ್ನ ಮೊದಲ ವಿಡಿಯೋ ನಾಯಿ ಮುಂಗಾಲಿಂದ ರಕ್ತ ತೆಗೆಯೋದು. ಒಬ್ರು ನಾಯಿನ ತಬ್ಬಿ ಹಿಡ್ಕೋತಾರೆ, ಮೊಣಕೈ ಹಿಂದೆ ಕೈ ಹಾಕಿ ಹೆಬ್ಬೆರಳಿಂದ ಮೇಲ್ಗಡೆ ಒತ್ತಿ ಸ್ವಲ್ಪ ಹೊರಕ್ಕೆ ಹೊರಳಿಸ್ತಾರೆ, ಆಗ ರಕ್ತನಾಳ ಉಬ್ಬತ್ತೆ. ರೋಮ ಜಾಸ್ತಿ ಇರೋ ನಾಯಿಗೆ ಕಣ್ಣಿಗೆ ಕಾಣೋದೇ ಇಲ್ಲ, ಸ್ಪಿರಿಟ್ ಹಚ್ಚಿ ರೋಮ ಒದ್ದೆ ಮಾಡಿ ಬೆರಳ ತುದೀಲಿ ಹುಡುಕ್ಬೇಕು, ಒತ್ತಿದ್ರೆ ಪುಟಿಯತ್ತಲ್ಲ, ಅದೇ. ಸೂಜಿ ಹಾಕ್ದೆ, ಸಿರಿಂಜಲ್ಲಿ ರಕ್ತ ಬಂತು, ಸೂಜಿ ತೆಗೆದು ಹತ್ತಿ ಒತ್ತಿದೆ, ನಾಯಿ ಕೂಡ ಕುಂಯ್ ಅನ್ಲಿಲ್ಲ, ನಾನು ಸ್ವರ್ಗದಲ್ಲಿದ್ದೆ. ನಾಲ್ಕು ದಿನ ಆದ್ಮೇಲೆ ರಿಜೆಕ್ಟ್. ಯಾಕೆ? ಸೂಜಿ ಒಳಗೆ ಹೋಗೋ ಜಾಗಕ್ಕೆ ನನ್ನ ಎಡಗೈ ಅಡ್ಡ ಬಂದಿದೆ, ಕಾಣ್ತಿಲ್ಲ ಅಂತ. ನನ್ನ ಮೈದುನನ್ನ ಕರ್ಕೊಂಡ್ಹೋಗಿ ಫೋನ್ ಹಿಡ್ಸಿದ್ದೆ, ಅವನಿಗೆ ರಕ್ತ ಕಂಡ್ರೆ ಆಗಲ್ಲ, ಅರ್ಧ ವಿಡಿಯೋ ಗೋಡೆ ಕಡೆ. ಕಟ್ ಮಾಡಿ ಅಂಟಿಸೋ ಹಾಗೂ ಇಲ್ಲ, ಶುರುವಿಂದ ಕೊನೇವರೆಗೂ ಒಂದೇ ಉಸಿರಲ್ಲಿ ಇರ್ಬೇಕು. ಮೂರನೇ ಸಲಕ್ಕೆ ಪಾಸಾಯ್ತು.

ಪಟ್ಟೀಲಿ ನಾಯಿ ಬೆಕ್ಕು ಮಾತ್ರ ಇರಲ್ಲ, ಹಸು ಕುದುರೇನೂ ಇರತ್ತೆ, ಅದಕ್ಕೆ ಒಂದು ಡೈರಿ ಫಾರ್ಮಿಗೆ ಹೋಗ್ಬೇಕಾಯ್ತು. ನನ್ನ ಜೊತೆ ಕಲೀತಿದ್ದ ಇಬ್ರು ಹುಡುಗೀರು ನಾಯಿ ಮುಂದೆ ಹುಲಿಗಳು, ಹೋಲ್‌ಸ್ಟೀನ್ ಹಸು ಮುಂದೆ ಬೆವರ್ತಿದ್ರು. ನಾನು ಕೊಟ್ಟಿಗೇಲಿ ಬೆಳೆದವಳು, ಬೆನ್ನು ಸವರಿ "ಹೋ ಹೋ, ನಿಂತ್ಕೊಳವ್ವ" ಅಂತ ಕನ್ನಡದಲ್ಲೇ ಅಂದೆ, ನಿಂತ್ಕೊಂತು ಪುಣ್ಯಾತ್ಗಿತ್ತಿ. ಅವತ್ತು ಕಲಿತಿದ್ದು ಕೆಚ್ಚಲು ಬಾವಿನ ಟೆಸ್ಟು. ನಾಲ್ಕು ಬಟ್ಟಲಿರೋ ಪ್ಲಾಸ್ಟಿಕ್ ತಟ್ಟೆ, ಒಂದೊಂದು ಮೊಲೆ ಹಾಲು ಒಂದೊಂದು ಬಟ್ಟಲಿಗೆ, ಅಷ್ಟೇ ಅಳತೆ ನೇರಳೆ ಬಣ್ಣದ ದ್ರಾವಣ ಹಾಕಿ ತಿರುಗಿಸ್ತಾ ಹೋಗೋದು. ಬಾವು ಇದ್ರೆ ಆ ಹಾಲಲ್ಲಿ ಬಿಳಿ ರಕ್ತಕಣ ಜಾಸ್ತಿ ಇರತ್ತೆ, ದ್ರಾವಣ ಆ ಕಣಗಳನ್ನ ಒಡೆದಾಗ ಒಳಗಿನ ಡಿಎನ್‌ಎ ಎಲ್ಲಾ ಸೇರ್ಕೊಂಡು ಬೆಂಡೆಕಾಯಿ ಲೋಳೆ ಥರ ಆಗತ್ತೆ. ನಾಲ್ಕರಲ್ಲಿ ಒಂದು ಬಟ್ಟಲು ಲೋಳೆಯಾಯ್ತು, ಹೊರಗಿಂದ ನೋಡಿದ್ರೆ ಆ ಹಸುವಿಗೆ ಏನೂ ಇರ್ಲಿಲ್ಲ. ನಮ್ಮಜ್ಜಿ ಹಾಲು ಕರೆಯೋ ಮುಂಚೆ ಮೊದಲ ಎರಡು ಧಾರೆ ಅಂಗೈಗೆ ಹಿಂಡಿ ಗಡ್ಡೆ ಇದ್ಯಾ ಅಂತ ನೋಡ್ತಿದ್ಲು, ಗಡ್ಡೆ ಕಾಣೋ ಮುಂಚೇನೇ ಈ ತಟ್ಟೆ ಹೇಳತ್ತೆ.

ಇಲಿ, ಮೊಲಾನೂ ಪಟ್ಟೀಲಿದೆ. ಇಲೀನ ನೋವಾಗ್ದೆ ಹಿಡ್ಕೊಂಡು ಇಂಜೆಕ್ಷನ್ ಕೊಡೋ ವಿಡಿಯೋ ಅಮ್ಮಂಗೆ ವಾಟ್ಸಾಪಲ್ಲಿ ಕಳಿಸಿದ್ದಕ್ಕೆ, "ಇಲಿ ಹಿಡಿಯೋಕೆ ಅಷ್ಟ್ ದುಡ್ಡು ಕಟ್ಬೇಕಿತ್ತೇನೇ" ಅಂತ ವಾಯ್ಸ್ ಮೆಸೇಜ್ ಬಂತು.

ಲೆಕ್ಕಕ್ಕೆ ಹೆದರ್ತೀನಿ ಅನ್ನೋರು ಕೇಳಿ. ಇಲ್ಲಿ ತೂಕ ಪೌಂಡಲ್ಲಿ ಬರತ್ತೆ, ಔಷಧಿ ಕೆಜಿ ಲೆಕ್ಕದಲ್ಲಿ. 44 ಪೌಂಡ್ ನಾಯಿ, 2.2ರಿಂದ ಭಾಗಿಸಿದ್ರೆ 20 ಕೆಜಿ. ಡಾಕ್ಟರ್ ಕೆಜಿಗೆ 2 ಮಿಲಿಗ್ರಾಂ ಅಂದ್ರೆ 40 ಮಿಲಿಗ್ರಾಂ. ಬಾಟ್ಲಿ ಮೇಲೆ ಒಂದು ಎಂಎಲ್‌ಗೆ 50 ಮಿಲಿಗ್ರಾಂ ಅಂತಿದ್ರೆ ಸಿರಿಂಜಲ್ಲಿ ಎಳೀಬೇಕಾದ್ದು 0.8 ಎಂಎಲ್. ಹೈಸ್ಕೂಲ್ ಲೆಕ್ಕವೇ, ಆದ್ರೆ ಪಾಯಿಂಟ್ ಒಂದು ಮನೆ ಆಕಡೆ ಜಾರಿದ್ರೆ ಎಂಟು ಎಂಎಲ್, ಹತ್ತು ಪಟ್ಟು. ಅದಕ್ಕೇ ಎರಡನೆಯವರ ಹತ್ರ ಓದಿಸಿ ನೋಡದೆ ನಾನು ಇವತ್ತಿಗೂ ಸಿರಿಂಜ್ ಮುಟ್ಟಲ್ಲ.

ಇಷ್ಟೆಲ್ಲಾ ಆಗೋಕೆ ಎಷ್ಟು ದಿನ? ಕ್ಯಾಂಪಸ್ಸಲ್ಲಿ ಎರಡು ವರ್ಷದ ಕೋರ್ಸು, ಮನೆ ಮಕ್ಳು ನೋಡ್ಕೊಂಡು ಓದೋರಿಗೆ ಮೂರು, ನಾಲ್ಕು ವರ್ಷ ಎಳೆಯತ್ತೆ. ಆಮೇಲೆ ವಿಟಿಎನ್‌ಇ ಅನ್ನೋ ಲೈಸೆನ್ಸ್ ಪರೀಕ್ಷೆ, 170 ಪ್ರಶ್ನೆ, ಮೂರು ಗಂಟೆ, ಅದರಲ್ಲಿ 150ಕ್ಕೆ ಮಾತ್ರ ಅಂಕ, ಮಿಕ್ಕ 20 ಮುಂದಿನ ಪರೀಕ್ಷೆಗೆ ಅಂತ ಟ್ರಯಲ್ ನೋಡೋ ಪ್ರಶ್ನೆ, ಯಾವುದು ಯಾವುದು ಅಂತ ಹೇಳಲ್ಲ. ಪಾಸಾದ್ರೂ ಹೆಸರಿನ ಮುಂದೆ ಏನು ಬರತ್ತೆ ಅನ್ನೋದು ರಾಜ್ಯದ ಮೇಲೆ, ಇಂಡಿಯಾನಾದಲ್ಲಿ ಆರ್‌ವಿಟಿ ಅಂದ್ರೆ ರಿಜಿಸ್ಟರ್ಡ್, ಟೆಕ್ಸಾಸಲ್ಲಿ ಎಲ್‌ವಿಟಿ ಅಂದ್ರೆ ಲೈಸೆನ್ಸ್ಡ್, ಪೆನ್ಸಿಲ್ವೇನಿಯಾದಲ್ಲಿ ಸಿವಿಟಿ ಅಂದ್ರೆ ಸರ್ಟಿಫೈಡ್. ಕೆಲಸ ಮಾತ್ರ ಒಂದೇ.

ಸಂಬಳ ಕೇಳ್ತೀರಿ ಅಂತ ಗೊತ್ತು. 2023ರ ಸರ್ಕಾರಿ ಲೆಕ್ಕದಲ್ಲಿ ನಡುಮಟ್ಟದ ಸಂಬಳ ವರ್ಷಕ್ಕೆ 43 ಸಾವಿರ ಡಾಲರ್ ಚಿಲ್ಲರೆ. ಐಟಿ ಮನೆಗಳಲ್ಲಿ ಇದನ್ನ ಹೇಳಿದ್ರೆ ಮುಖ ಸಪ್ಪೆ ಆಗತ್ತೆ. ಸೊಂಟ ನೋವು, ಕಚ್ಚೋದು, ಪರಚೋದು, ವಾರಕ್ಕೊಂದಾದ್ರೂ ಕಣ್ಣೆದುರೇ ಪ್ರಾಣ ಬಿಡೋ ಜೀವ, ಅದಕ್ಕೆ ಈ ಸಂಬಳ ಕಮ್ಮಿನೇ, ನಾನು ಸುಳ್ಳು ಹೇಳಲ್ಲ. ಎಚ್4ನಲ್ಲಿರೋರಿಗೆ ಇನ್ನೊಂದು ಮಾತು, ಓದೋಕೆ ಅಡ್ಡಿ ಇಲ್ಲ, ಆದ್ರೆ ವರ್ಕ್ ಪರ್ಮಿಟ್ ಇಲ್ದೆ ದುಡಿಯೋ ಹಾಗಿಲ್ಲ, ಸಂಬಳ ಇಲ್ದೇ ಆಸ್ಪತ್ರೇಲಿ ನಿಂತು ಕಲಿಯೋದಕ್ಕೂ ವೀಸಾ ನಿಯಮ ಅಡ್ಡ ಬರಬಹುದು, ಮೊದಲೇ ಲಾಯರ್‌ನ ಕೇಳ್ಕೊಳ್ಳಿ.

ಕರ್ನಾಟಕದಲ್ಲಿ ಕೂತು ಕೇಳ್ತಿರೋ ಹುಡುಗ್ರು ಹುಡುಗೀರು ದಯವಿಟ್ಟು ಈ ಅಮೆರಿಕದ ಆನ್‌ಲೈನ್ ಕೋರ್ಸಿಗೆ ದುಡ್ಡು ಕಟ್ಬೇಡಿ. ನಮ್ಮಲ್ಲಿ 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ ಇದೆ, ಅದರ ಪ್ರಕಾರ ಚಿಕಿತ್ಸೆ ರಿಜಿಸ್ಟರ್ ಆದ ಡಾಕ್ಟರದ್ದು, ಸ್ಟಾಕ್‌ಮನ್ ಥರ ಡಿಪ್ಲೊಮಾ ಇರೋರು ಡಾಕ್ಟರ ಕೈಕೆಳಗೆ ಸಣ್ಣಪುಟ್ಟ ಸೇವೆ ಕೊಡೋಕೆ ಸರ್ಕಾರ ಅನುಮತಿ ಕೊಡ್ಬಹುದು, ಅಷ್ಟೇ. ಅದಕ್ಕೆ ದಾರಿ ಬೀದರ್ ಪಶು ವಿಶ್ವವಿದ್ಯಾಲಯದ ಕೆಳಗಿರೋ ಪಾಲಿಟೆಕ್ನಿಕ್‌ಗಳ ಎರಡು ವರ್ಷದ ಪಶುಸಂಗೋಪನೆ ಡಿಪ್ಲೊಮಾ, ಅದು ಹೋಗಿ ಕೂತು ಓದೋದು. ಮನೇಲೇ ಕೂತು ಓದ್ಬೇಕು ಅಂದ್ರೆ ಇಗ್ನೋ ಅನ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಡೈರಿ ಟೆಕ್ನಾಲಜಿ ಡಿಪ್ಲೊಮಾ ಇದೆ, ಕೋಳಿ ಸಾಕಣೆ ಸರ್ಟಿಫಿಕೇಟ್ ಇದೆ, ಅವು ಒಳ್ಳೇವೇ, ಆದ್ರೆ ಅದು ಬೇರೆ ಕೆಲಸ.

ಮೊನ್ನೆ ಆ ಹುಡುಗಿ ಮತ್ತೆ ಫೋನ್ ಮಾಡಿದ್ಲು. ವೀಸಾ ವಿಷಯ ಲಾಯರ್ ಹತ್ರ ಕೇಳ್ಕೊಂಡ್ಲಂತೆ, ಆಮೇಲೆ ಆಸ್ಪತ್ರೆ ಹುಡುಕಿದ್ರೆ ಐದು ಕಡೆ ಬೇಡ ಅಂದ್ರಂತೆ, ಆರನೆಯವರು ಶನಿವಾರ ಬೆಳಗ್ಗೆ ಏಳಕ್ಕೆ ಬಾ, ಒಂದಿನ ಸುಮ್ನೆ ನಿಂತು ನೋಡು ಅಂದಿದಾರಂತೆ. "ಅಕ್ಕಾ ಏನ್ ಹಾಕ್ಕೊಂಡ್ ಹೋಗ್ಲಿ?" ಅಂದ್ಲು. ಮುಚ್ಚಿದ ಶೂ ಹಾಕ್ಕೊ, ಜಡೆ ಬಿಗಿಯಾಗಿ ಕಟ್ಕೊ, ಬಳೆ ಮನೇಲೇ ತೆಗೆದಿಟ್ಟು ಹೋಗೇ, ಬಳೆ ಸದ್ದಿಗೆ ಬೆಕ್ಕು ಬೆದರತ್ತೆ ಅಂದೆ.