ಅಲಸಂಡೆಯ ಬೇರಿನಿಂದ ಪಾಠ ಆರಂಭವಾಗಲಿ

ನಮಸ್ಕಾರ. ಬ್ಯಾಕ್ಟೀರಿಯಾ ಎಂದರೇನೆಂದು ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮದ ಮಕ್ಕಳಲ್ಲಿ ಕೇಳಿದಾಗಲೆಲ್ಲ ನನಗೆ ಸಿಕ್ಕಿದ ಮೊದಲ ಉತ್ತರ ‘ರೋಗಾಣು’. ಈ ಉತ್ತರ ನನಗೆ ನೋವು ತರುತ್ತದೆ. ‘ಸಾರಜನಕ ಸ್ಥಿರೀಕರಣ’ (ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗುವಂತೆ ಮಾಡುವುದು) ಎಂಬ ಪದವನ್ನು ಪರೀಕ್ಷೆಗಾಗಿ ಉರುಹೊಡೆದ ಮಗುವೂ ಮನೆಯ ಹಿತ್ತಿಲಲ್ಲೇ ನಡೆಯುವ ಆ ಕೆಲಸವನ್ನು ಕಣ್ಣಾರೆ ಕಂಡಿರುವುದಿಲ್ಲ.

ಕೊಯ್ಲಾದ ಗದ್ದೆಯಲ್ಲಿ ಬೆಳೆಸಿದ ಅಲಸಂಡೆಯ ಒಂದು ಬುಡವನ್ನು ಮಣ್ಣು ಸಡಿಲಿಸಿ ಮೆಲ್ಲನೆ ಕಿತ್ತು ತೋಡಿನ ನೀರಿನಲ್ಲಿ ತೊಳೆದರೆ, ಬೇರಿನ ಉದ್ದಕ್ಕೂ ಸಾಸಿವೆಯಷ್ಟು, ಕೆಲವೆಡೆ ಒಳ್ಳೆಮೆಣಸಿನಷ್ಟು ಗಾತ್ರದ ಗಂಟುಗಳು ಕಾಣುತ್ತವೆ. ಅವು ಬ್ಯಾಕ್ಟೀರಿಯಾಗಳ ಮನೆಗಳು. ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಬಂಧುವಾದ ಲೆಗ್‌ಹಿಮೋಗ್ಲೋಬಿನ್‌ನ ಬಣ್ಣವದು. ಗಾಳಿಯ ಸಾರಜನಕವನ್ನು ಅಮೋನಿಯಾ ಮಾಡುವ ಆ ಬ್ಯಾಕ್ಟೀರಿಯಾಗಳ ಕಿಣ್ವ ಆಮ್ಲಜನಕ ತಗಲಿದರೆ ಕೆಟ್ಟುಹೋಗುವುದರಿಂದ ಇಂಥದೊಂದು ಕಾವಲು ಬೇಕು. ಒಂದು ಸಾರಜನಕದ ಅಣುವನ್ನು ಒಡೆಯಲು ಕೋಶದ ಶಕ್ತಿಯ ನಾಣ್ಯವಾದ ಎಟಿಪಿಯ ಕನಿಷ್ಠ 16 ಅಣುಗಳು ವೆಚ್ಚವಾಗುತ್ತವೆ. ಅದಕ್ಕೆ ಬೇಕಾದ ಸಕ್ಕರೆಯನ್ನು ಗಿಡವೇ ಕೊಟ್ಟು, ಪ್ರತಿಯಾಗಿ ಅಮೋನಿಯಾವನ್ನು ಪಡೆಯುತ್ತದೆ.

ಆ ಅಮೋನಿಯಾ, ಪ್ರೋಟೀನಿನ ಇಟ್ಟಿಗೆಯಾದ ಅಮೈನೋ ಆಮ್ಲವಾಗುವ ಬಗೆ ಇನ್ನೂ ಸೊಗಸಾದದ್ದು. ಗಂಟಿನೊಳಗೆ ಈ ಕೆಲಸವನ್ನು ಬಹುಮಟ್ಟಿಗೆ ಗಿಡದ ಕೋಶಗಳು ಮಾಡಿದರೆ, ಸ್ವತಂತ್ರವಾಗಿ ಬದುಕುವ ಅನೇಕ ಬ್ಯಾಕ್ಟೀರಿಯಾಗಳು ತಾವೇ ಮಾಡಿಕೊಳ್ಳುತ್ತವೆ. ಗ್ಲುಟಮೇಟ್ ಎಂಬ ಅಮೈನೋ ಆಮ್ಲ ಅಮೋನಿಯಾವನ್ನು ಹಿಡಿದು ಗ್ಲುಟಮೈನ್ ಆಗುತ್ತದೆ. ಆ ಗ್ಲುಟಮೈನ್, ಸಕ್ಕರೆ ಕರಗುವ ದಾರಿಯಲ್ಲಿ ಸಿಗುವ ಕೀಟೋಗ್ಲುಟರೇಟ್ ಜೊತೆ ಸೇರಿದಾಗ ಎರಡು ಗ್ಲುಟಮೇಟ್‌ಗಳು ದೊರೆಯುತ್ತವೆ. ಒಂದು ಮತ್ತೆ ಅಮೋನಿಯಾ ಹಿಡಿಯಲು ಹೋದರೆ, ಇನ್ನೊಂದು ತನ್ನ ಸಾರಜನಕವನ್ನು ಅದೇ ದಾರಿಯಲ್ಲಿ ಸಿಗುವ ಪೈರುವೇಟ್‌ಗೆ ಕೊಟ್ಟು ಅಲನೈನ್ ಮಾಡುತ್ತದೆ, ಆಕ್ಸಲೋಅಸಿಟೇಟ್‌ಗೆ ಕೊಟ್ಟು ಆಸ್ಪಾರ್ಟೇಟ್ ಮಾಡುತ್ತದೆ. ಆಸ್ಪಾರ್ಟೇಟ್‌ನಿಂದ ಲೈಸಿನ್ ಎಂಬ ಮತ್ತೊಂದು ಅಮೈನೋ ಆಮ್ಲ ಹುಟ್ಟುತ್ತದೆ.

ನಮ್ಮ ಕರುಳಿನಲ್ಲೇ ಇರುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾ, ಸಕ್ಕರೆ, ಅಮೋನಿಯಾ ಮತ್ತು ಕೆಲವು ಲವಣಗಳಿದ್ದರೆ 20 ಅಮೈನೋ ಆಮ್ಲಗಳನ್ನೂ ಕಟ್ಟಿಕೊಳ್ಳಬಲ್ಲದು. ಲೈಸಿನ್ ಸೇರಿ 9ನ್ನು ನಾವು ಉಂಡೇ ಪಡೆಯಬೇಕು. ಅಕ್ಕಿಯಲ್ಲಿ ಲೈಸಿನ್ ಕಡಿಮೆ, ಬೇಳೆಕಾಳಿನಲ್ಲಿ ಧಾರಾಳ. ಗಂಜಿಯ ಜೊತೆ ಹೆಸರುಕಾಳಿನ ಪಲ್ಯ ಬಡಿಸಿದ ನಮ್ಮ ಹಿರಿಯರ ಊಟ ಹೊಂದಿಕೆಯಾಗಿತ್ತು.

ಅದಕ್ಕೂ ಮಿಗಿಲಾಗಿ ನನ್ನನ್ನು ಬೆರಗುಗೊಳಿಸುವುದು ಇ. ಕೋಲೈಯ ಮಿತವ್ಯಯ. ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲ ಸಾಕಷ್ಟು ಕೂಡಿದೊಡನೆ ಅದೇ ಹೋಗಿ ತನ್ನ ತಯಾರಿಯ ಮೊದಲ ಕಿಣ್ವಕ್ಕೆ ಅಂಟಿ ಕೆಲಸ ತಡೆಯುತ್ತದೆ. ಆ ಕಿಣ್ವಗಳನ್ನು ಬರೆಸುವ ಜೀನ್‌ಗಳನ್ನೂ ಮುಚ್ಚಿಸುತ್ತದೆ.

ಇಷ್ಟೆಲ್ಲ ಮಾಡುವ ಜೀವಿಯನ್ನು ಮಕ್ಕಳಿಗೆ ರೋಗದ ಹೆಸರಿನಿಂದ ಪರಿಚಯಿಸುವುದು ಅನ್ಯಾಯವೆಂದು ನಾನು ದೃಢವಾಗಿ ನಂಬುತ್ತೇನೆ. ಕಾಲರಾ, ಕ್ಷಯಗಳ ಪಾಠ ಖಂಡಿತ ಬೇಕು, ಆದರೆ ಅದು ಎರಡನೆಯ ದಿನಕ್ಕಿರಲಿ. ಮೊದಲ ದಿನ ಅಧ್ಯಾಪಕರು ಮಕ್ಕಳನ್ನು ಗದ್ದೆಗೆ ಕರೆದೊಯ್ದು, ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಗಂಟನ್ನು ಸೀಳಿಸಲಿ.